ಕೆಲಸದ ಜಾಗದಲ್ಲಿ ಎಲ್ಲರೂ ಸೇರಿ ಹವಾಮಾನಕ್ಕಾಗಿ ದುಡಿಯುವುದು ಹೇಗೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಕಚೇರಿ ಮತ್ತು ಗಿರಣಿಗಳಿಗೆ ಸಮಗ್ರ ಮಾರ್ಗದರ್ಶಿ

ವಿಶ್ವ ಪರಿಸರ ದಿನವಾದ ಜೂನ್ 5ರಂದು ಸಭೆ ಕರೆದು, ಪ್ರತಿಜ್ಞೆ ಓದಿಸಿ, ಆವರಣದಲ್ಲಿ ನಾಲ್ಕು ಸಸಿ ನೆಟ್ಟ ಎಷ್ಟೋ ಕಚೇರಿಗಳಲ್ಲಿ ದಸರೆಯ ಹೊತ್ತಿಗೆ ಆ ಮಾತೇ ಉಳಿದಿರುವುದಿಲ್ಲ. ಸಿಬ್ಬಂದಿಗೆ ಕಾಳಜಿ ಇಲ್ಲ ಎಂದು ಇದಕ್ಕೆ ಕಾರಣ ಹೇಳಿಬಿಡುವುದು ಸುಲಭ, ಆದರೆ ಹೀಗೆ ಸೋತ ಜಾಗಗಳಲ್ಲಿ ಹೆಚ್ಚಾಗಿ ಕಂಡುಬರುವುದು ಕೆಲಸದ ಕ್ರಮ ತಪ್ಪಿರುವುದು: ಅಳತೆಗೆ ಮುಂಚೆ ಘೋಷಣೆ, ಅನುಮತಿಗೆ ಮುಂಚೆ ಸಮಿತಿ, ಒಂದು ರೂಢಿ ನೆಲೆಯೂರುವ ಮುಂಚೆ ಇನ್ನೂ ಹತ್ತು ಯೋಜನೆ. ಕೆಳಗಿನ ಹಂತಗಳನ್ನು ಹೇಳಿರುವ ಕ್ರಮದಲ್ಲೇ ಮಾಡಬೇಕೆಂದು ಒತ್ತಿ ಹೇಳುವುದು ಅದಕ್ಕಾಗಿಯೇ.

ಈ ಬರಹ 20ರಿಂದ 200 ಜನ ದುಡಿಯುವ ಜಾಗಗಳನ್ನು ಮನಸ್ಸಿನಲ್ಲಿಟ್ಟುಕೊಂಡಿದೆ: ತಾಲ್ಲೂಕು ಕಚೇರಿ, ಬ್ಯಾಂಕ್ ಶಾಖೆ, ಕಾಲೇಜು, ಗಂಗಾವತಿ ಮತ್ತು ಸಿಂಧನೂರಿನ ಅಕ್ಕಿ ಗಿರಣಿ, ರಾಯಚೂರಿನ ಹತ್ತಿ ಜಿನ್ನಿಂಗ್ ಘಟಕ, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕ. ಸಾವಿರಾರು ಜನರಿರುವ ಉಕ್ಕಿನ ಕಾರ್ಖಾನೆಯಲ್ಲಾದರೆ ಇಡೀ ಕಾರ್ಖಾನೆಗೆ ಒಮ್ಮೆಲೇ ಕೈ ಹಾಕದೆ ಒಂದು ವಿಭಾಗವನ್ನು ಆರಿಸಿಕೊಂಡು ಇದೇ ಹಂತಗಳನ್ನು ಅನುಸರಿಸಬೇಕು.

## ಮೊದಲೇ ಜೋಡಿಸಿಟ್ಟುಕೊಳ್ಳಬೇಕಾದವು

ಕಳೆದ 12 ತಿಂಗಳ ಜೆಸ್ಕಾಂ ಬಿಲ್ಲುಗಳು, ಜನರೇಟರ್ ಇದ್ದರೆ ಡೀಸೆಲ್ ಖರೀದಿಯ ಚೀಟಿಗಳು, ಕ್ಯಾಂಟೀನ್ ಇದ್ದರೆ ಸಿಲಿಂಡರ್ ಲೆಕ್ಕ, ಒಂದು ದಪ್ಪ ನೋಟ್‌ಬುಕ್, ಎಲ್ಲರೂ ಓಡಾಡುವ ಕಡೆ ತೂಗುಹಾಕಬಹುದಾದ ಒಂದು ಬೋರ್ಡು, ಗೋಡೆಗೆ ಹಾಕುವ ಒಂದು ಉಷ್ಣಮಾಪಕ, ಕೆಂಪು, ಹಳದಿ ಮತ್ತು ಹಸಿರು ಬಣ್ಣದ ಅಂಟುಚೀಟಿಗಳು. ಇಷ್ಟು ಸಾಕು. ಬ್ಯಾನರ್, ಟೀ ಶರ್ಟು, ಮೊಬೈಲ್ ಆ್ಯಪ್ ಯಾವುದೂ ಈ ಹಂತದಲ್ಲಿ ಬೇಡ. ಅವುಗಳಿಗೆ ಹಣ ಖರ್ಚಾದ ಮೇಲೆ ಕೆಲಸ ಆಗಿಯೇ ಹೋಯಿತೆಂಬ ಭಾವನೆ ಬಂದುಬಿಡುತ್ತದೆ.

## ಹಂತ 1: ಅನುಮತಿಯನ್ನು ಬರಹದಲ್ಲಿ ಪಡೆಯಿರಿ

ಮಾಲೀಕರ ಅಥವಾ ಕಚೇರಿ ಮುಖ್ಯಸ್ಥರ ಬಳಿ "ಪರಿಸರಕ್ಕಾಗಿ ಏನಾದರೂ ಮಾಡೋಣ ಸರ್" ಎಂದು ಹೋದರೆ "ಮಾಡಿ, ಒಳ್ಳೆಯದೇ" ಎಂಬ ಉತ್ತರ ಬರುತ್ತದೆ. ಅದು ಅನುಮತಿಯಲ್ಲ. ಮುಂದೆ ಯಾವುದೇ ಅಡಚಣೆ ಬಂದಾಗ ಆ ಮಾತಿನ ಆಸರೆ ಸಿಗುವುದಿಲ್ಲ. ಒಂದೇ ಪುಟದ ಮನವಿಯಲ್ಲಿ ಮೂರು ವಿಷಯಗಳನ್ನು ಸ್ಪಷ್ಟವಾಗಿ ಕೇಳಿಕೊಳ್ಳಿ. ಒಂದು, ವಿದ್ಯುತ್ ಮತ್ತು ಇಂಧನದ ಬಿಲ್ಲುಗಳನ್ನು ನೋಡುವ ಅವಕಾಶ. ಎರಡು, ತಿಂಗಳಿಗೊಮ್ಮೆ ಕೆಲಸದ ವೇಳೆಯಲ್ಲೇ ಅರ್ಧ ಗಂಟೆಯ ಸಭೆ. ಮೂರು, ಉಳಿತಾಯವಾದ ಹಣದಲ್ಲಿ ಇಂತಿಷ್ಟು ಪಾಲನ್ನು ಸಿಬ್ಬಂದಿಯ ಸೌಕರ್ಯಕ್ಕೆ ಬಳಸುವ ಒಪ್ಪಿಗೆ.

ಮೂರನೆಯದನ್ನು ಸಂಕೋಚದಿಂದ ಬಿಟ್ಟುಬಿಡುವವರೇ ಹೆಚ್ಚು. ದುಡಿಯುವವರು ಫ್ಯಾನು ಆರಿಸಿ ಉಳಿಸಿದ ಹಣವೆಲ್ಲ ಮಾಲೀಕರ ಗಲ್ಲಾಪೆಟ್ಟಿಗೆಗೇ ಸೇರುವುದಾದರೆ ಮೂರನೇ ತಿಂಗಳಿಗೆ ಕೈಗಳು ಹಿಂದೆ ಸರಿಯುತ್ತವೆ, ಮತ್ತು ಅದು ನ್ಯಾಯವೂ ಹೌದು. ಸರಕಾರಿ ಕಚೇರಿಯಲ್ಲಿ ಬಿಲ್ಲಿನ ಉಳಿತಾಯವನ್ನು ಬೇರೆ ಖರ್ಚಿಗೆ ತಿರುಗಿಸಲು ನಿಯಮ ಅಡ್ಡ ಬರುವುದರಿಂದ ಅಲ್ಲಿ ಹಣದ ಬದಲು ಕೆಲಸವನ್ನೇ ಕೇಳಬೇಕು: ಕೆಟ್ಟ ನಲ್ಲಿಯ ದುರಸ್ತಿ, ಕುಡಿಯುವ ನೀರಿನ ವ್ಯವಸ್ಥೆ, ಬೈಕ್ ನಿಲ್ಲಿಸಲು ನೆರಳಿನ ಚಪ್ಪರ.

## ಹಂತ 2: ಒಂದು ತಿಂಗಳು ಅಳೆಯಿರಿ, ಏನನ್ನೂ ಬದಲಿಸಬೇಡಿ

ಇಡೀ ಕೆಲಸದಲ್ಲಿ ಅತ್ಯಂತ ಬೇಸರದ ಹಂತ ಇದೇ, ಅತ್ಯಂತ ಮುಖ್ಯವಾದದ್ದೂ ಇದೇ. ಅಳತೆ ಇಲ್ಲದೆ ಶುರು ಮಾಡಿದರೆ ಆರು ತಿಂಗಳ ನಂತರ "ಏನು ಕಡಿಮೆಯಾಯಿತು?" ಎಂದು ಯಾರಾದರೂ ಕೇಳಿದಾಗ ತೋರಿಸಲು ಏನೂ ಇರುವುದಿಲ್ಲ.

ಮೊದಲಿಗೆ ಬಿಲ್ಲುಗಳಿಂದ ಪ್ರತಿ ತಿಂಗಳ ಯೂನಿಟ್‌ಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ಎರಡು ಮೂರು ಮೀಟರುಗಳಿದ್ದರೆ ಬಿಲ್ಲಿನ ಮೇಲಿರುವ ಆರ್‌ಆರ್ ಸಂಖ್ಯೆ (ಸಂಪರ್ಕದ ಸಂಖ್ಯೆ) ನೋಡಿ ಯಾವ ಮೀಟರು ಯಾವ ಕಟ್ಟಡದ್ದೆಂದು ಗುರುತಿಸಿ. ದೊಡ್ಡ ಸಂಪರ್ಕಗಳಲ್ಲಿ ಮೀಟರಿನ ಮೇಲೆ ಕಾಣುವ ಅಂಕಿಯನ್ನು ಬಿಲ್ಲಿನಲ್ಲಿ ನಮೂದಿಸಿರುವ ಗುಣಕದಿಂದ ಗುಣಿಸಿದಾಗ ಮಾತ್ರ ನಿಜವಾದ ಯೂನಿಟ್ ಸಿಗುತ್ತದೆ. ಇದನ್ನು ಮರೆತವರು ಗಿರಣಿಯ ಬಳಕೆಯನ್ನು ಮನೆಯ ಬಳಕೆಯಷ್ಟೇ ಎಂದು ಬರೆದುಕೊಂಡು ಗೊಂದಲಕ್ಕೆ ಬೀಳುತ್ತಾರೆ.

ಎರಡನೆಯದು ರಜೆಯ ಅಳತೆ. ಶನಿವಾರ ಸಂಜೆ ಬಾಗಿಲು ಹಾಕುವಾಗ ಮೀಟರಿನ ಅಂಕಿ ಬರೆದಿಟ್ಟು, ಸೋಮವಾರ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮತ್ತೆ ಬರೆದುಕೊಳ್ಳಿ. ಉದಾಹರಣೆಗೆ ವ್ಯತ್ಯಾಸ 48 ಯೂನಿಟ್ ಬಂದರೆ, ಒಬ್ಬರೂ ಇಲ್ಲದ ಕಟ್ಟಡ ಅಷ್ಟನ್ನು ತಾನೇ ತಿಂದಿದೆ ಎಂದರ್ಥ. ಸಿಸಿಟಿವಿ, ಸರ್ವರ್ ಮತ್ತು ಹೊರಗಿನ ಒಂದೆರಡು ದೀಪಗಳಿಗೆ ಸ್ವಲ್ಪ ಬೇಕು, ಉಳಿದದ್ದು ಆರಿಸದೆ ಬಿಟ್ಟ ಎಸಿ ಸ್ಟೆಬಿಲೈಜರ್, ನೀರಿನ ಕೂಲರ್, ಪ್ರಿಂಟರ್, ಕಂಪ್ಯೂಟರ್ ಮತ್ತು ಶೌಚಾಲಯದ ದೀಪ. ಈ ಒಂದು ಅಂಕಿ ಭಾಷಣಕ್ಕಿಂತ ಚೆನ್ನಾಗಿ ಮಾತಾಡುತ್ತದೆ, ಏಕೆಂದರೆ ಇದರಲ್ಲಿ ಯಾರ ಮೇಲೂ ಬೆರಳು ತೋರಿಸುವ ಪ್ರಮೇಯವಿಲ್ಲ.

ಮೂರನೆಯದು ಗಿರಣಿ ಮತ್ತು ಘಟಕಗಳಿಗೆ ಮಾತ್ರ. ಭತ್ತದ ಸುಗ್ಗಿಯಲ್ಲಿ ಹಗಲೂ ರಾತ್ರಿ ಓಡುವ ಗಿರಣಿಯ ಬಿಲ್ಲನ್ನು ಖಾಲಿ ತಿಂಗಳ ಬಿಲ್ಲಿನೊಂದಿಗೆ ಹೋಲಿಸಿದರೆ ಏನೂ ತಿಳಿಯುವುದಿಲ್ಲ. ಅಲ್ಲಿ ಕ್ವಿಂಟಲ್ ಅಕ್ಕಿಗೆ ಎಷ್ಟು ಯೂನಿಟ್, ಜಿನ್ನಿಂಗ್‌ನಲ್ಲಿ ಒಂದು ಬೇಲ್ ಅರಳೆಗೆ ಎಷ್ಟು ಯೂನಿಟ್, ಹೊಲಿಗೆ ಘಟಕದಲ್ಲಿ ನೂರು ಪ್ಯಾಂಟಿಗೆ ಎಷ್ಟು ಯೂನಿಟ್ ಎಂದು ಲೆಕ್ಕ ಇಡಬೇಕು. ಕಚೇರಿಗಳಲ್ಲಿ ಮೇ ತಿಂಗಳನ್ನು ಹಿಂದಿನ ವರ್ಷದ ಮೇ ತಿಂಗಳೊಂದಿಗೇ ಹೋಲಿಸಿ. ಮೇ ತಿಂಗಳಿಂದ ಡಿಸೆಂಬರಿಗೆ ಬಿಲ್ಲು ಇಳಿದದ್ದು ಹವೆ ತಂಪಾದುದರಿಂದ, ನಿಮ್ಮ ಅಭಿಯಾನದಿಂದಲ್ಲ.

ಕೊನೆಯದಾಗಿ ಎಲ್ಲವನ್ನೂ ಒಂದೇ ಅಳತೆಗೆ ತರಬೇಕು. ನಮ್ಮ ದೇಶದ ವಿದ್ಯುತ್ ಜಾಲದಿಂದ ಒಂದು ಯೂನಿಟ್ ಬಳಸಿದಾಗ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಜಾಲದ ಹೆಚ್ಚಿನ ವಿದ್ಯುತ್ ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ಶಕ್ತಿನಗರ, ಯರಮರಸ್ ಮತ್ತು ಕುಡತಿನಿಯ ಶಾಖೋತ್ಪನ್ನ ಸ್ಥಾವರಗಳು ನಮ್ಮ ಕಣ್ಣೆದುರಿಗೇ ಇರುವುದರಿಂದ ಈ ಭಾಗದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ, ಡೀಸೆಲ್ ಉರಿದರೆ ಸುಮಾರು 2.7 ಕಿಲೋ, ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು 3 ಕಿಲೋ. ಈ ನಾಲ್ಕು ಅಂಕಿಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡರೆ ಬೇರೆ ಲೆಕ್ಕಪತ್ರ ಬೇಡ.

## ಹಂತ 3: ತಂಡಕ್ಕೆ ಸರಿಯಾದವರನ್ನು ಸೇರಿಸಿ

ಐದರಿಂದ ಏಳು ಜನ ಸಾಕು. ಉತ್ಸಾಹಿಗಳನ್ನಷ್ಟೇ ಸೇರಿಸಿದರೆ ಮಾತು ಬಹಳವಾಗಿ ಕೆಲಸ ನಿಲ್ಲುತ್ತದೆ. ಸಂಜೆ ಬಾಗಿಲು ಹಾಕುವವರು, ನೆಲ ಗುಡಿಸುವವರು, ಎಲೆಕ್ಟ್ರಿಷಿಯನ್, ಕ್ಯಾಂಟೀನಿನ ಅಡುಗೆಯವರು, ರಾತ್ರಿ ಪಾಳಿಯ ಒಬ್ಬರು, ಲೆಕ್ಕ ಶಾಖೆಯ ಒಬ್ಬರು, ಇವರು ತಂಡದಲ್ಲಿ ಇರಲೇಬೇಕು. ಯಾವ ಕೋಣೆಯ ದೀಪ ಯಾವಾಗಲೂ ಉರಿಯುತ್ತದೆ, ಯಾವ ನಲ್ಲಿ ಎಷ್ಟು ದಿನದಿಂದ ಸೋರುತ್ತಿದೆ, ದಿನಕ್ಕೆ ಎಷ್ಟು ಅನ್ನ ಚರಂಡಿಗೆ ಹೋಗುತ್ತದೆ ಎಂಬುದು ಇವರಿಗೆ ಗೊತ್ತಿರುವಷ್ಟು ಮ್ಯಾನೇಜರಿಗೂ ಗೊತ್ತಿರುವುದಿಲ್ಲ.

ಗಿರಣಿಗಳಲ್ಲಿ ಹಮಾಲರನ್ನು ಮತ್ತು ಗುತ್ತಿಗೆ ಕಾರ್ಮಿಕರನ್ನು ಹೊರಗಿಟ್ಟು ಕಾಯಂ ನೌಕರರಷ್ಟೇ ಸಭೆ ಸೇರುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಸಭೆಯನ್ನು ಪಾಳಿ ಬದಲಾಗುವ ಹೊತ್ತಿಗೆ ಇಟ್ಟುಕೊಂಡರೆ ಎರಡೂ ಪಾಳಿಯವರು ಸಿಗುತ್ತಾರೆ. ಮಹಿಳಾ ಸಿಬ್ಬಂದಿ ಮನೆಗೆ ಮರಳುವ ಬಸ್ಸಿನ ವೇಳೆಯನ್ನು ಕೇಳಿಕೊಂಡೇ ಸಮಯ ಗೊತ್ತುಮಾಡಿ. ಸಂಜೆ ಆರರ ನಂತರದ ಸಭೆಗೆ ಅವರು ಬಾರದಿದ್ದರೆ ಆಸಕ್ತಿ ಇಲ್ಲವೆಂದು ತಿಳಿಯುವುದು ಅನ್ಯಾಯ.

## ಹಂತ 4: ಮೊದಲನೆಯ ಕೆಲಸ ಒಂದೇ ಇರಲಿ

ತಂಡದ ಮುಂದೆ ಇಪ್ಪತ್ತು ಸಲಹೆಗಳು ಬರುತ್ತವೆ. ಎಲ್ಲವನ್ನೂ ಬರೆದುಕೊಳ್ಳಿ, ಒಂದನ್ನು ಮಾತ್ರ ಕೈಗೆತ್ತಿಕೊಳ್ಳಿ. ಆ ಒಂದನ್ನು ಆರಿಸಲು ಮೂರು ಪ್ರಶ್ನೆಗಳನ್ನು ಕೇಳಬೇಕು: ಇದರ ಫಲ ಒಂದು ತಿಂಗಳೊಳಗೆ ಅಂಕಿಯಲ್ಲಿ ಕಾಣುತ್ತದೆಯೇ? ಅಧಿಕಾರಿಯಿಂದ ಹಿಡಿದು ವಾಚ್‌ಮನ್‌ವರೆಗೆ ಎಲ್ಲರೂ ಇದರಲ್ಲಿ ಪಾಲುಗೊಳ್ಳಬಹುದೇ? ಯಾರದಾದರೂ ಆರೋಗ್ಯ, ಕೂಲಿ ಅಥವಾ ವಿಶ್ರಾಂತಿಗೆ ಇದರಿಂದ ಕುಂದು ಬರುತ್ತದೆಯೇ? ಮೂರನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ಆ ಸಲಹೆಯನ್ನು ಅಲ್ಲಿಗೇ ಬಿಡಬೇಕು.

ಇಲ್ಲಿ ಲೆಕ್ಕ ಹಾಕದೆ ಅಂದಾಜಿನ ಮೇಲೆ ಹೋಗುವವರು ಬಹಳ ಜನ. ಒಂದು ಕಚೇರಿಯಲ್ಲಿ 75 ವಾಟ್‌ನ 30 ಹಳೆಯ ಫ್ಯಾನುಗಳಿದ್ದು, ಊಟದ ಒಂದು ಗಂಟೆ ಅವುಗಳನ್ನು ಆರಿಸುತ್ತಾರೆಂದು ಇಟ್ಟುಕೊಳ್ಳೋಣ. ತಿಂಗಳ 25 ಕೆಲಸದ ದಿನಗಳಿಗೆ ಉಳಿಯುವುದು ಸುಮಾರು 56 ಯೂನಿಟ್, ಅಂದರೆ ಸುಮಾರು 39 ಕಿಲೋ ಇಂಗಾಲದ ಡೈಆಕ್ಸೈಡ್. ಈಗ ಬಳ್ಳಾರಿಯಿಂದ ಸುಮಾರು 30 ಕಿಲೋಮೀಟರ್ ದೂರದ ತೋರಣಗಲ್ಲಿಗೆ ಬೇರೆ ಬೇರೆ ಬೈಕುಗಳಲ್ಲಿ ಹೋಗುವ ಇಬ್ಬರು ಒಂದೇ ಬೈಕಿನಲ್ಲಿ ಹೋಗತೊಡಗಿದರೆ ತಿಂಗಳಿಗೆ 1500 ಕಿಲೋಮೀಟರಿನ ಓಟ ತಪ್ಪುತ್ತದೆ; ಲೀಟರಿಗೆ 50 ಕಿಲೋಮೀಟರ್ ಎಂದರೂ 30 ಲೀಟರ್ ಪೆಟ್ರೋಲ್, ಸುಮಾರು 69 ಕಿಲೋ. ಮೂವತ್ತು ಫ್ಯಾನುಗಳ ಉಳಿತಾಯಕ್ಕಿಂತ ಇಬ್ಬರು ನೆರೆಯವರ ಜೋಡಿ ಪಯಣ ದೊಡ್ಡದು. ಹಾಗೆಂದು ಎಲ್ಲ ಕಡೆಯೂ ಪ್ರಯಾಣದಿಂದಲೇ ಆರಂಭಿಸಬೇಕೆಂದಲ್ಲ: ಸಿಬ್ಬಂದಿಯೆಲ್ಲ ಊರೊಳಗೇ ಇದ್ದು ಕಟ್ಟಡದಲ್ಲಿ ಹತ್ತು ಎಸಿಗಳಿದ್ದರೆ ಎಸಿಯೇ ಮೊದಲು. ಗಿರಣಿಯಾದರೆ ಕಂಪ್ರೆಸರ್ ಮೊದಲು.

ಕಂಪ್ರೆಸರಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಅಕ್ಕಿ ಗಿರಣಿಯಲ್ಲಿ ಬಣ್ಣಗೆಟ್ಟ ಕಾಳುಗಳನ್ನು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತದೆ, ಮತ್ತು ಆ ಗಾಳಿಯ ಪೈಪುಗಳು ಜೋಡಣೆಯ ಕಡೆಗಳಲ್ಲೆಲ್ಲ ಸದ್ದಿಲ್ಲದೆ ಸೋರುತ್ತಿರುತ್ತವೆ. ಗಾಳಿ ಬಳಸುವ ಯಂತ್ರಗಳೆಲ್ಲ ನಿಂತಿರುವ ಹೊತ್ತಿನಲ್ಲಿ ಕಂಪ್ರೆಸರನ್ನು ಮಾತ್ರ ಚಾಲೂ ಇಟ್ಟು ಗಮನಿಸಿ. ಟ್ಯಾಂಕು ತುಂಬಿದ ಮೇಲೂ ಅದು ಮೇಲಿಂದ ಮೇಲೆ ಲೋಡ್ ತೆಗೆದುಕೊಳ್ಳುತ್ತಿದ್ದರೆ ಗಾಳಿ ಎಲ್ಲೋ ಹೊರಟುಹೋಗುತ್ತಿದೆ. ಸೋಪಿನ ನೀರನ್ನು ಕುಂಚದಿಂದ ಜೋಡಣೆಗಳಿಗೆ ಹಚ್ಚಿದರೆ ಗುಳ್ಳೆ ಏಳುವ ಕಡೆ ಸೋರಿಕೆ. ಗುರುತು ಮಾಡುವ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ಬಿಗಿಗೊಳಿಸುವ ಕೆಲಸವನ್ನು ಒತ್ತಡ ಇಳಿಸಿದ ಮೇಲೆ ಫಿಟ್ಟರ್ ಮಾತ್ರ ಮಾಡಬೇಕು.

## ಹಂತ 5: ಉಪದೇಶ ಬಿಟ್ಟು ವ್ಯವಸ್ಥೆ ಮಾಡಿ

"ದಯವಿಟ್ಟು ದೀಪ ಆರಿಸಿ" ಎಂಬ ಚೀಟಿ ಒಂದು ವಾರ ಕಣ್ಣಿಗೆ ಬೀಳುತ್ತದೆ, ನಂತರ ಅದು ಗೋಡೆಯ ಭಾಗವಾಗುತ್ತದೆ. ಎಲ್ಲರ ಜವಾಬ್ದಾರಿ ಎಂದು ಬಿಟ್ಟದ್ದು ಯಾರ ಜವಾಬ್ದಾರಿಯೂ ಆಗುವುದಿಲ್ಲ. ಆದ್ದರಿಂದ ಆರಿಸಿಕೊಂಡ ಕೆಲಸಕ್ಕೆ ಒಂದು ಹೊತ್ತು, ಒಂದು ಹೆಸರು ಮತ್ತು ಒಂದು ಗುರುತು ಇರಬೇಕು.

ವಿದ್ಯುತ್ತಿನ ಉದಾಹರಣೆ ತೆಗೆದುಕೊಂಡರೆ, ಸ್ವಿಚ್ ಬೋರ್ಡುಗಳಿಗೆ ಬಣ್ಣದ ಚೀಟಿ ಅಂಟಿಸಿ. ಕೆಂಪು ಎಂದರೆ ಎಂದೂ ಮುಟ್ಟಬಾರದು: ಸರ್ವರ್, ಸಿಸಿಟಿವಿ, ಆಸ್ಪತ್ರೆಯಾದರೆ ಲಸಿಕೆಯ ಫ್ರಿಜ್. ಹಳದಿ ಎಂದರೆ ಕೋಣೆ ಖಾಲಿಯಾದಾಗ ಆರಿಸಬೇಕು. ಹಸಿರು ಎಂದರೆ ದಿನದ ಕೊನೆಗೆ ಹೊರಡುವವರು ಆರಿಸಬೇಕು. ಚೀಟಿ ಅಂಟಿಸುವ ಮುಂಚೆ ಎಲೆಕ್ಟ್ರಿಷಿಯನ್ ಜೊತೆ ನಿಂತು ಪ್ರತಿಯೊಂದು ಸ್ವಿಚ್ಚನ್ನೂ ಪರೀಕ್ಷಿಸಿ, ಏಕೆಂದರೆ ತಪ್ಪು ಸ್ವಿಚ್ ಆರಿಸಿ ಒಂದು ದಿನದ ಕೆಲಸ ಹಾಳಾದರೆ ಇಡೀ ಪ್ರಯತ್ನದ ಮೇಲೆಯೇ ಜನ ನಂಬಿಕೆ ಕಳೆದುಕೊಳ್ಳುತ್ತಾರೆ. ಪ್ಯಾನೆಲ್ ಬೋರ್ಡನ್ನು ಸಿಬ್ಬಂದಿ ತೆರೆಯುವುದಾಗಲಿ, ಮೇನ್ ಸ್ವಿಚ್ ಎಳೆಯುವುದಾಗಲಿ ಕೂಡದು.

ದಿನದ ಕೊನೆಯ ಸುತ್ತಿಗೆ ಸರದಿಯ ಪಟ್ಟಿ ಹಾಕಿ, ಮತ್ತು ಆ ಪಟ್ಟಿಯಲ್ಲಿ ಮೊದಲ ಹೆಸರು ಕಚೇರಿ ಮುಖ್ಯಸ್ಥರದ್ದಾಗಿರಲಿ. ಈ ಮಾತನ್ನು ನಾನು ಬಹಳ ಗಟ್ಟಿಯಾಗಿ ಹೇಳುತ್ತೇನೆ. ದೀಪ ಆರಿಸುವ ಕೆಲಸವನ್ನೆಲ್ಲ ಡಿ ಗ್ರೂಪ್ ನೌಕರರ ತಲೆಗೆ ಕಟ್ಟಿ, ಸಾಹೇಬರ ಕೋಣೆಯ ಎಸಿ ಅವರು ಬರುವ ಅರ್ಧ ಗಂಟೆ ಮುಂಚೆಯೇ ಓಡುತ್ತಿದ್ದರೆ ಅದು ಸಾಮೂಹಿಕ ಕ್ರಮವಲ್ಲ, ಇನ್ನೊಂದು ಬಿಟ್ಟಿ ಚಾಕರಿ. ನೌಕರರು ಇದನ್ನು ಮೊದಲ ದಿನವೇ ಗುರುತಿಸುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ.

ಮೊದಲ ವಾರವನ್ನು ಪ್ರಯೋಗವೆಂದು ಕರೆಯಿರಿ. ವಾರದ ಕೊನೆಗೆ ತೊಂದರೆಯಾದವರ ಮಾತು ಕೇಳಿ ಬದಲಿಸಿ, ಆಮೇಲೆ ಅದನ್ನು ರೂಢಿಯೆಂದು ಘೋಷಿಸಿ.

## ಹಂತ 6: ಬೇಸಿಗೆಗೆ ಬೇರೆ ನಿಯಮ

ಮಾರ್ಚ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಈ ಮೂರೂ ಜಿಲ್ಲೆಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವುದು, ದಾಟುವುದು ಹೊಸದಲ್ಲ. ಈ ತಿಂಗಳುಗಳಲ್ಲಿ ದುಡಿಯುವವರ ಫ್ಯಾನು, ನೀರು ಮತ್ತು ನೆರಳಿನಲ್ಲಿ ಉಳಿತಾಯ ಹುಡುಕುವುದು ಅಪಾಯಕಾರಿ. ಬಾಯ್ಲರ್ ಬಳಿ, ತಗಡಿನ ಶೆಡ್ಡಿನ ಕೆಳಗೆ ಅಥವಾ ಲಾರಿ ಲೋಡಿಂಗ್‌ನಲ್ಲಿ ಇರುವವರಿಗೆ ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಕಾಣಿಸಿದರೆ ಕೂಡಲೇ ನೆರಳಿಗೆ ಕರೆತಂದು ಮೈ ತಂಪು ಮಾಡಿ ನೀರು, ಓಆರ್‌ಎಸ್ ಕೊಡಬೇಕು. ಮಾತು ತೊದಲಿದರೆ, ಗೊಂದಲವಾದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ, ಮೈ ತಂಪು ಮಾಡುತ್ತಲೇ 108ಕ್ಕೆ ಕರೆ ಮಾಡಬೇಕು.

ಉಳಿತಾಯ ಬೇರೆ ಕಡೆ ಇದೆ. ಎಸಿಯನ್ನು 18ಕ್ಕೆ ಇಟ್ಟರೆ ಕೋಣೆ ಬೇಗ ತಣ್ಣಗಾಗುತ್ತದೆಂಬುದು ತಪ್ಪು ತಿಳಿವಳಿಕೆ. ಸಾಮಾನ್ಯ ಎಸಿ 18ಕ್ಕೆ ಇಟ್ಟರೂ 24ಕ್ಕೆ ಇಟ್ಟರೂ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ತಂಪು ಮಾಡುತ್ತದೆ, 18ರಲ್ಲಿ ಮಾತ್ರ ನಿಲ್ಲದೆ ಓಡುತ್ತಲೇ ಇರುತ್ತದೆ. ಇಂಧನ ದಕ್ಷತಾ ಬ್ಯೂರೋದ ಅಂದಾಜಿನ ಪ್ರಕಾರ ಒಂದು ಡಿಗ್ರಿ ಏರಿಸಿದರೆ ಸುಮಾರು 6 ಶೇಕಡಾ ವಿದ್ಯುತ್ ಉಳಿಯುತ್ತದೆ, ಮತ್ತು 2020ರ ಜನವರಿಯಿಂದ ಸ್ಟಾರ್ ಗುರುತಿನ ಹೊಸ ಎಸಿಗಳು ಹಾಕಿದ ಕೂಡಲೇ 24 ಡಿಗ್ರಿಯಲ್ಲೇ ಆರಂಭವಾಗಬೇಕೆಂಬ ನಿಯಮವಿದೆ. 26ಕ್ಕೆ ಇಟ್ಟು ಜೊತೆಗೆ ಫ್ಯಾನು ಹಾಕಿದರೆ ಹೆಚ್ಚಿನವರಿಗೆ ಹಿತವಾಗಿಯೇ ಇರುತ್ತದೆ. ಇದನ್ನು ಆಜ್ಞೆಯಾಗಿ ಹೊರಡಿಸಬೇಡಿ: ಗೋಡೆಯ ಉಷ್ಣಮಾಪಕವನ್ನು ಎಲ್ಲರಿಗೂ ಕಾಣುವಂತೆ ಇಟ್ಟು ಒಂದೊಂದು ವಾರಕ್ಕೆ ಒಂದೊಂದು ಡಿಗ್ರಿಯಂತೆ ಏರಿಸುತ್ತ ಹೋಗಿ.

ನಮ್ಮಲ್ಲಿ ಧೂಳು ಹೆಚ್ಚು. ಎಸಿಯ ಫಿಲ್ಟರನ್ನು ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು, ನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಹಾಕಬೇಕು. ಮುಚ್ಚಿದ ಫಿಲ್ಟರಿನ ಎಸಿಯನ್ನು 24ಕ್ಕೆ ಇಟ್ಟರೂ ತಂಪಾಗದೆ ಜನ ಮತ್ತೆ 18ಕ್ಕೆ ಇಳಿಸುತ್ತಾರೆ, ಆಗ ಸೋತದ್ದು ಫಿಲ್ಟರು, ಬೈಸಿಕೊಳ್ಳುವುದು ಅಭಿಯಾನ.

ತಾರಸಿಗೆ ಬಿಳಿ ಬಳಿಯುವುದು ಎಲ್ಲರೂ ಸೇರಿ ಒಂದು ಭಾನುವಾರದಲ್ಲಿ ಮುಗಿಸಬಹುದಾದ ಕೆಲಸ. ಫೆಬ್ರವರಿಯಲ್ಲೇ ತಾರಸಿಯನ್ನು ಚೆನ್ನಾಗಿ ಗುಡಿಸಿ ತೊಳೆದು, ಅಂಟು ಬೆರೆಸಿದ ಸುಣ್ಣವನ್ನು ಅಥವಾ ಇದಕ್ಕೆಂದೇ ಸಿಗುವ ಬಿಳಿ ಬಣ್ಣವನ್ನು ಎರಡು ಸಲ ಬಳಿಯಿರಿ. ಬಿಸಿಲು ಮರಳಿ ಹೋಗುವುದರಿಂದ ಮೇಲಂತಸ್ತಿನ ಕೋಣೆಗಳಲ್ಲಿ ಮಧ್ಯಾಹ್ನದ ಸೆಕೆ ಕಡಿಮೆಯಾಗುತ್ತದೆ. ಬರಿಯ ಸುಣ್ಣ ಒಂದು ಮಳೆಗೆ ತೊಳೆದುಹೋಗುತ್ತದೆ. ಆಸ್ಬೆಸ್ಟಾಸ್ ಅಥವಾ ತಗಡಿನ ಶೀಟುಗಳ ಮೇಲೆ ಸಿಬ್ಬಂದಿ ಹತ್ತಲೇಬಾರದು: ಶೀಟು ಮುರಿದು ಬೀಳುವ ಅಪಾಯವಿದೆ, ಆಸ್ಬೆಸ್ಟಾಸ್ ಉಜ್ಜಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಮಾರಕ.

ಕಲಬುರಗಿ ವಿಭಾಗದ ಸರಕಾರಿ ಕಚೇರಿಗಳು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುವ ಪದ್ಧತಿ ಇದೆ. ಖಾಸಗಿ ಕಚೇರಿ ಮತ್ತು ಹೊಲಿಗೆ ಘಟಕಗಳೂ ವೇಳೆಯನ್ನು ಬೆಳಗಿನ ಕಡೆಗೆ ಸರಿಸಿಕೊಂಡರೆ ಎಸಿ, ಕೂಲರ್ ಹೆಚ್ಚು ಓಡುವ ಗಂಟೆಗಳು ತಪ್ಪುತ್ತವೆ. ಈ ಬೇಡಿಕೆಯನ್ನು ತಂಡವೇ ಆಡಳಿತದ ಮುಂದಿಡಬೇಕು.

## ಹಂತ 7: ಮನೆಯಿಂದ ಕೆಲಸಕ್ಕೆ, ಕೆಲಸದಿಂದ ಮನೆಗೆ

ಒಂದು ದೊಡ್ಡ ಹಾಳೆಯ ಮೇಲೆ ಊರಿನ ಬಡಾವಣೆಗಳನ್ನು ಮತ್ತು ಸುತ್ತಲಿನ ಹಳ್ಳಿಗಳನ್ನು ಬರೆದು, ಯಾರು ಎಲ್ಲಿಂದ, ಎಷ್ಟು ಹೊತ್ತಿಗೆ ಹೊರಡುತ್ತಾರೆಂದು ಅವರವರೇ ತುಂಬಲು ಬಿಡಿ. ಒಂದೇ ಓಣಿಯವರು ಬೇರೆ ಬೇರೆ ಬೈಕಿನಲ್ಲಿ ಬರುತ್ತಿರುವುದು ಆಗ ಕಣ್ಣಿಗೆ ಬೀಳುತ್ತದೆ. ಜೋಡಿಗಳನ್ನು ನೀವು ಗೊತ್ತುಮಾಡಬೇಡಿ. ಯಾರ ಜೊತೆ ಕೂತು ಹೋಗಬೇಕೆಂಬುದು ಅವರವರ ಇಷ್ಟ, ಮಹಿಳೆಯರ ವಿಷಯದಲ್ಲಂತೂ ಇದರಲ್ಲಿ ಕಿಂಚಿತ್ತೂ ಒತ್ತಾಯ ಇರಬಾರದು. ಪೆಟ್ರೋಲ್ ಹಂಚಿಕೆಯ ಮಾತನ್ನು ಮೊದಲೇ ಆಡಿ ಮುಗಿಸಿ: ಒಂದು ವಾರ ಅವರ ಗಾಡಿ, ಒಂದು ವಾರ ಇವರ ಗಾಡಿ ಎಂಬುದು ಹಣ ಎಣಿಸುವುದಕ್ಕಿಂತ ಸಲೀಸು. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ಬೈಕಿನ ಮೇಲೆ ಇಬ್ಬರೇ.

ಬಸ್ಸಿನ ವಿಷಯದಲ್ಲಿ ಒಂದು ಅನುಕೂಲ ಆಗಲೇ ಇದೆ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಕಲ್ಯಾಣ ಕರ್ನಾಟಕ ಸಾರಿಗೆಯ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆದರೂ ಬಸ್ಸು ಬಿಟ್ಟು ಸ್ಕೂಟಿ ತರುವವರಿದ್ದರೆ ಕಾರಣ ಹೆಚ್ಚಾಗಿ ವೇಳೆ: ಬಸ್ಸು 9.50ಕ್ಕೆ ಬಂದರೆ ಹಾಜರಿ 9.45ಕ್ಕೆ ಮುಗಿದಿರುತ್ತದೆ. ಹಾಜರಿಯ ವೇಳೆಯನ್ನು ಹದಿನೈದು ನಿಮಿಷ ಸರಿಸಲು ಆಡಳಿತಕ್ಕೆ ಖರ್ಚಿಲ್ಲ. ಅದು ಆಗದಿದ್ದರೆ ಇಪ್ಪತ್ತು ಮೂವತ್ತು ಜನ ಸಹಿ ಮಾಡಿದ ಮನವಿಯನ್ನು ಡಿಪೋ ವ್ಯವಸ್ಥಾಪಕರಿಗೆ ಕೊಟ್ಟು ಬಸ್ಸಿನ ವೇಳೆ ಬದಲಿಸಲು ಕೇಳಬಹುದು. ಒಬ್ಬರು ಕೇಳಿದರೆ ದೂರು, ಮೂವತ್ತು ಜನ ಕೇಳಿದರೆ ಬೇಡಿಕೆ.

ಗಿರಣಿಯ ಗೇಟಿನ ಮುಂದೆ ಸರದಿಗೆ ಕಾಯುವ ಲಾರಿಗಳು ಎಂಜಿನ್ ಚಾಲೂ ಇಟ್ಟುಕೊಂಡೇ ನಿಲ್ಲುತ್ತವೆ. ಚಾಲಕರಿಗೆ ಟೋಕನ್ ಕೊಟ್ಟು, ಕೂರಲು ನೆರಳು ಮತ್ತು ಕುಡಿಯಲು ನೀರಿನ ಅರವಟ್ಟಿಗೆ ಇಟ್ಟರೆ ಎಂಜಿನ್ ತಾನಾಗಿಯೇ ನಿಲ್ಲುತ್ತದೆ.

## ಹಂತ 8: ಚಹಾ, ಊಟ, ನೀರು

ಇಲ್ಲಿ ಉಳಿಯುವ ಇಂಗಾಲ ಹಿಂದಿನ ಹಂತಗಳಷ್ಟು ದೊಡ್ಡದಲ್ಲ, ಆದ್ದರಿಂದ ಇದನ್ನೇ ಮೊದಲು ಮಾಡಿ ತೃಪ್ತರಾಗಬೇಡಿ. ಆದರೆ ದಿನಾಲೂ ಕೈಗೆ ತಾಗುವ ಕೆಲಸವಾದುದರಿಂದ ರೂಢಿ ಬೇಗ ಹಿಡಿಯುತ್ತದೆ. ಕಾಗದದ ಕಪ್ಪಿನ ಒಳಗೂ ತೆಳುವಾದ ಪ್ಲಾಸ್ಟಿಕ್ ಪದರ ಇರುವುದರಿಂದ ಅದು ಗೊಬ್ಬರವೂ ಆಗುವುದಿಲ್ಲ, ರದ್ದಿಯವರೂ ಒಯ್ಯುವುದಿಲ್ಲ. ಸ್ಟೀಲ್ ಲೋಟ ತರುವ ಮುಂಚೆ ಯಾರು ತೊಳೆಯುತ್ತಾರೆಂಬುದನ್ನು ನಿರ್ಧರಿಸಿ: ಅವರವರ ಲೋಟ ಅವರವರೇ. ಕ್ಯಾಂಟೀನಿನಲ್ಲಿ ಉಳಿದ ಅನ್ನವನ್ನು ಒಂದು ವಾರ ದಿನಾಲೂ ತೂಗಿ ಬೋರ್ಡಿನ ಮೇಲೆ ಬರೆದರೆ ಮರು ವಾರ ಅಡುಗೆಯವರೇ ಅಳತೆ ಇಳಿಸುತ್ತಾರೆ. ವಾರಕ್ಕೆರಡು ದಿನ ಅನ್ನದ ಬದಲು ಜೋಳದ ರೊಟ್ಟಿ ಇರಲಿ. ನೀರು ನಿಂತ ಭತ್ತದ ಗದ್ದೆಯಿಂದ ಮೀಥೇನ್ ಹೊರಡುತ್ತದೆ, ಜೋಳ ಮಳೆಯಾಶ್ರಯದಲ್ಲೇ ಬೆಳೆಯುತ್ತದೆ. ಆರ್‌ಓ ಯಂತ್ರ ಹೊರಬಿಡುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು ಬಳಸಿ. ಅದರಲ್ಲಿ ಉಪ್ಪಿನಂಶ ಹೆಚ್ಚಿರುವುದರಿಂದ ಗಿಡಗಳಿಗೆ ನಿತ್ಯ ಹಾಕಬೇಡಿ.

## ಹಂತ 9: ಅಂಕಿಯನ್ನು ತೋರಿಸಿ, ಕಷ್ಟದ ಪ್ರಶ್ನೆಗೆ ನೇರ ಉತ್ತರ ಕೊಡಿ

ಬೋರ್ಡಿನ ಮೇಲೆ ಎರಡೇ ಅಂಕಿಗಳಿರಲಿ: ಕಳೆದ ವರ್ಷ ಈ ತಿಂಗಳು ಎಷ್ಟು, ಈ ವರ್ಷ ಎಷ್ಟು. ಹೆಚ್ಚಾಗಿದ್ದರೆ ಹೆಚ್ಚಾದದ್ದನ್ನೇ ಬರೆಯಬೇಕು, ಕಾರಣವನ್ನೂ ಬರೆಯಬೇಕು. ವ್ಯಕ್ತಿಗಳ ಹೆಸರನ್ನಾಗಲಿ, ಕೋಣೆಗಳ ನಡುವಿನ ಪೈಪೋಟಿಯನ್ನಾಗಲಿ ಬೋರ್ಡಿಗೆ ತರಬೇಡಿ. ದೀಪ ಉರಿಯುತ್ತ ಬಿಟ್ಟವರ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಒಬ್ಬರನ್ನು ನಾಚಿಸಿ ಹತ್ತು ಜನರನ್ನು ಕಳೆದುಕೊಳ್ಳುತ್ತೀರಿ.

ಒಂದು ಪ್ರಶ್ನೆ ಖಂಡಿತ ಬರುತ್ತದೆ: "ಸುತ್ತಲಿನ ಚಿಮಣಿಗಳು ಹಗಲೂ ರಾತ್ರಿ ಹೊಗೆ ಉಗುಳುತ್ತಿರುವಾಗ ನನ್ನ ಫ್ಯಾನು ಆರಿಸಿ ಏನಾಗಬೇಕು ಅಣ್ಣಾ?" ಕಪ್ಪು ಬೂದಿಯನ್ನು ದಿನಾಲೂ ಅಂಗಳದಿಂದ ಗುಡಿಸುವವರು ಕೇಳುವ ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಬಾರದು, ಏಕೆಂದರೆ ಅದು ನ್ಯಾಯವಾದ ಪ್ರಶ್ನೆ. ದೊಡ್ಡ ಹೊಗೆ ದೊಡ್ಡವರಿಂದಲೇ ಬರುತ್ತಿದೆ, ನಮ್ಮ ಫ್ಯಾನು ಅದನ್ನು ಸರಿದೂಗಿಸುವುದಿಲ್ಲ ಎಂದು ಒಪ್ಪಿಕೊಂಡೇ ಮಾತು ಮುಂದುವರಿಸಿ. ಆದರೆ ತಮ್ಮ ಮೀಟರನ್ನು ತಾವೇ ಓದಿ, ಲೆಕ್ಕ ಇಟ್ಟು, ಒಟ್ಟಾಗಿ ಬೇಡಿಕೆ ಇಡಲು ಕಲಿತ ನಲವತ್ತು ಜನ ನಾಳೆ ಆಡಳಿತದ ಮುಂದೆ ಸೌರ ಫಲಕ ಕೇಳಬಲ್ಲರು, ಹಳೆಯ ಮೋಟಾರು ಬದಲಿಸಿ ಎನ್ನಬಲ್ಲರು, ಹೊಗೆಯ ವಿಷಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಅಂಕಿಗಳೊಂದಿಗೆ ಬರೆಯಬಲ್ಲರು. ಈ ಸಣ್ಣ ಕೆಲಸಗಳನ್ನು ಒಟ್ಟಾಗಿ ಮಾಡಬೇಕೆಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೇ.

## ಕೆಟ್ಟುಹೋಗುತ್ತಿರುವುದರ ಲಕ್ಷಣಗಳು

ಬೋರ್ಡಿನ ಅಂಕಿ ಎರಡು ತಿಂಗಳಿಂದ ಬದಲಾಗದೆ ನಿಂತಿದ್ದರೆ ಅಳೆಯುವವರು ಬಿಟ್ಟಿದ್ದಾರೆ. ಸಭೆಯಲ್ಲಿ ಮಾತಾಡುವವರು ಪ್ರತಿ ಸಲ ಅದೇ ಇಬ್ಬರಾದರೆ ಉಳಿದವರು ಬರಿಯ ಹಾಜರಿಗೆ ಬಂದಿದ್ದಾರೆ. ಸರದಿ ಪಟ್ಟಿಯಲ್ಲಿ ಒಂದೇ ಕೈಬರಹದ ಸಹಿಗಳು ಕಂಡರೆ ಒಬ್ಬರ ಮೇಲೆಯೇ ಹೊರೆ ಬಿದ್ದಿದೆ. ಸಿಬ್ಬಂದಿ ಇದನ್ನು "ಅವರ ಪರಿಸರದ ಕೆಲಸ" ಎಂದು ಕರೆಯತೊಡಗಿದರೆ ಅದು ಎಲ್ಲಕ್ಕಿಂತ ಗಂಭೀರ ಲಕ್ಷಣ. ಆಗ ಹೊಸ ಚಟುವಟಿಕೆ ಸೇರಿಸಬೇಡಿ. ಒಂದು ತಿಂಗಳು ಎಲ್ಲವನ್ನೂ ನಿಲ್ಲಿಸಿ, ಮೀಟರ್ ಓದುವುದನ್ನು ಮಾತ್ರ ಉಳಿಸಿಕೊಂಡು, ದೂರ ಸರಿದವರನ್ನು ಒಬ್ಬೊಬ್ಬರಾಗಿ ಭೇಟಿಯಾಗಿ ಏನು ತೊಂದರೆಯಾಯಿತೆಂದು ಕೇಳಿ, ಮತ್ತೆ ಹಂತ 4ರಿಂದ ಆರಂಭಿಸಿ.

## ಹಂತ 10: ಎರಡನೆಯ ಕೆಲಸ ಮತ್ತು ಹಸ್ತಾಂತರ

ಮೊದಲ ಕೆಲಸ ಮೂರು ತಿಂಗಳು ಯಾರೂ ನೆನಪಿಸದೆ ನಡೆದರೆ ಎರಡನೆಯದನ್ನು ಆರಿಸಿ. ಈ ಹೊತ್ತಿಗೆ ಉಳಿದ ಹಣದ ಲೆಕ್ಕವನ್ನು ಲೆಕ್ಕ ಶಾಖೆಯವರಿಂದ ಪಡೆದು, ಹಂತ 1ರಲ್ಲಿ ಒಪ್ಪಿದ ಪಾಲನ್ನು ಏನಕ್ಕೆ ಬಳಸಬೇಕೆಂದು ಎಲ್ಲ ಸಿಬ್ಬಂದಿಯನ್ನೂ ಕೇಳಿ. ಹಳೆಯ ಫ್ಯಾನು ಕೆಟ್ಟಾಗ ಮರುಸುತ್ತು ಕಟ್ಟಿಸದೆ ಕಡಿಮೆ ವಿದ್ಯುತ್ತಿನಲ್ಲಿ ಓಡುವ ಮೋಟಾರಿನ ಬಿಎಲ್‌ಡಿಸಿ ಫ್ಯಾನು ಕೊಂಡರೆ 75 ವಾಟ್‌ನ ಜಾಗದಲ್ಲಿ 30 ವಾಟ್‌ಗೆ ಹತ್ತಿರ ಸಾಕಾಗುತ್ತದೆ, ಬಿಸಿಲಲ್ಲಿ ಗಾಳಿಯೂ ಕಡಿಮೆಯಾಗುವುದಿಲ್ಲ. ಸಸಿ ನೆಡುವ ಆಸೆ ಇದ್ದವರು ಮುಂಗಾರು ಮಳೆ ನೆಲ ತೋಯಿಸಿದ ಮೇಲೆ ಬೇವು ಅಥವಾ ಹೊಂಗೆ ನೆಟ್ಟು, ಮುಂದಿನ ಎರಡು ಬೇಸಿಗೆಯ ನೀರಿನ ಸರದಿಯನ್ನು ಅದೇ ದಿನ ಬರೆದಿಡಲಿ.

ಸರಕಾರಿ ಕಚೇರಿಗಳಲ್ಲಿ ಮೇ, ಜೂನ್ ವರ್ಗಾವಣೆಯ ಕಾಲ; ಗಿರಣಿಗಳಲ್ಲಿ ಸುಗ್ಗಿ ಮುಗಿದಾಗ ಕೆಲಸಗಾರರು ಬದಲಾಗುತ್ತಾರೆ. ಯಾವುದೇ ಜವಾಬ್ದಾರಿಗೆ ಒಬ್ಬರ ಹೆಸರಿನ ಜೊತೆ ಇನ್ನೊಬ್ಬರ ಹೆಸರೂ ಇರಬೇಕು. ವರ್ಗಾವಣೆಯಾದವರು ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಅಳತೆಯ ನೋಟ್‌ಬುಕ್ಕನ್ನೂ ನಮೂದಿಸಿ, ಹೊಸಬರ ಜೊತೆ ಒಮ್ಮೆ ಮೀಟರಿನ ಮುಂದೆ ನಿಂತು ಅಂಕಿ ಓದಿ, ಗುಣಕ ತೋರಿಸಿ, ಇಬ್ಬರೂ ಸಹಿ ಮಾಡಿದ ಮೇಲೆ ಪುಸ್ತಕವನ್ನು ಅವರ ಕೈಗೆ ಕೊಡಬೇಕು.